ಪ್ರಾಥಮಿಕ ಶಾಲೆಯ ದಿನಚರಿ ಮತ್ತು ದಿನವಾರ್ತೆ

ಕರ್ನಾಟಕದ ಯಾವುದೇ ಸರ್ಕಾರಿ ಪ್ರಾಥಮಿಕ ಶಾಲೆಯ ತರಗತಿಯನ್ನು ಪ್ರವೇಶಿಸಿದರೂ ಕರಿಹಲಗೆಯ ಮೇಲಿನ ಒಂದು ಮೂಲೆಯಲ್ಲಿ ಸೀಮೆಸುಣ್ಣದಿಂದ ಬರೆದ ಕೆಲವು ಸಾಲುಗಳು ಕಣ್ಣಿಗೆ ಬೀಳುತ್ತವೆ. ದಿನಾಂಕ, ವಾರ, ತರಗತಿ. ಅವುಗಳ ಕೆಳಗೆ ‘ಒಟ್ಟು’ ಮತ್ತು ‘ಹಾಜರು’ ಎಂಬ ಎರಡು ಅಂಕಿಗಳು. ಹೊರಗಿನವರು ಇವನ್ನು ಗಮನಿಸುವುದು ಕಡಿಮೆ. ಆದರೆ ಆ ದಿನ ಎಷ್ಟು ಅಕ್ಕಿ ಬೇಯಬೇಕು, ಎಷ್ಟು ಲೋಟ ಹಾಲು ಸಿದ್ಧವಾಗಬೇಕು, ಸಂಜೆ ಯಾರ ಮನೆಗೆ ಹೋಗಿ ವಿಚಾರಿಸಬೇಕು ಎಂಬುದೆಲ್ಲ ಈ ಎರಡು ಅಂಕಿಗಳಿಂದಲೇ ನಿರ್ಧಾರವಾಗುತ್ತದೆ. ಶಾಲೆಯೊಂದರ ದಿನನಿತ್ಯದ ವಾರ್ತೆ ಯಾವುದೆಂದು ಯಾರಾದರೂ ಕೇಳಿದರೆ, ಆ ಎರಡು ಅಂಕಿಗಳ ನಡುವಿನ ಅಂತರವೇ ಮೊದಲ ವಾರ್ತೆ ಎನ್ನಬೇಕಾಗುತ್ತದೆ.

ಮಠಕ್ಕೆ ಬರುವ ಭಕ್ತಾದಿಗಳಲ್ಲಿ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಿದ್ದಾರೆ. ಮೊಮ್ಮಕ್ಕಳ ಕೈಹಿಡಿದು ಶಾಲೆಯ ಬಾಗಿಲವರೆಗೆ ಬಿಟ್ಟುಬರುವ ಹಿರಿಯರಿದ್ದಾರೆ. ಊರ ಶಾಲೆಗೆ ತಟ್ಟೆ, ಲೋಟ, ನೀರಿನ ತೊಟ್ಟಿ ಮಾಡಿಸಿಕೊಟ್ಟ ದಾನಿಗಳಿದ್ದಾರೆ. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಶಾಲೆಯ ಆವರಣದೊಳಗೆ ನಡೆಯುವುದೇನು, ಅದರಲ್ಲಿ ಪೋಷಕರಿಗೆ ಇರುವ ಸ್ಥಾನ ಯಾವುದು ಎಂಬುದನ್ನು ಅವರೆಲ್ಲರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. 1ರಿಂದ 5ನೆಯ ತರಗತಿಯವರೆಗಿನದು ಕಿರಿಯ ಪ್ರಾಥಮಿಕ ಶಾಲೆ. 7 ಅಥವಾ 8ನೆಯ ತರಗತಿಯವರೆಗೆ ಇರುವುದು ಹಿರಿಯ ಪ್ರಾಥಮಿಕ ಶಾಲೆ. ಈ ಲೇಖನದ ಕಣ್ಣೆದುರು ಇರುವುದು ಮುಖ್ಯವಾಗಿ ಹಳ್ಳಿಯ ಸಣ್ಣ ಶಾಲೆ. ಇಬ್ಬರು ಶಿಕ್ಷಕರು, ಒಂದು ಅಡುಗೆಕೋಣೆ, ಒಂದು ಧ್ವಜಕಟ್ಟೆ ಇರುವಂಥದು.

ಕೂಲಿಮಠದಿಂದ ಕನ್ನಡ ಸಾಲಿಗೆ

ಶಾಲೆ ಮತ್ತು ಮಠ ಎಂಬ ಶಬ್ದಗಳು ನಮ್ಮಲ್ಲಿ ಬಹುಕಾಲ ಒಂದಕ್ಕೊಂದು ಹತ್ತಿರವಾಗಿಯೇ ಇದ್ದವು. ಹಳೆಯ ಮೈಸೂರು ಸೀಮೆಯಲ್ಲಿ ಸರ್ಕಾರಿ ಶಾಲೆಗಳು ಹರಡುವ ಮುನ್ನ ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವು ಕೂಲಿಮಠಗಳು. ಅಲ್ಲಿನ ಐಗಳು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವುದರಿಂದ ಪಾಠವನ್ನು ಆರಂಭಿಸಿ, ಕಡತದ ಮೇಲೆ ಬಳಪ ಹಿಡಿದು ಬರೆಯುವವರೆಗೆ ಮಕ್ಕಳನ್ನು ತರುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಇರುವ ‘ಸಾಲಿಮಠ’ ಎಂಬ ಮನೆತನದ ಹೆಸರು ಅದೇ ಪರಂಪರೆಯ ಗುರುತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳು ತಲೆಯೆತ್ತುವಂತೆ ದುಡಿದವರು ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು. ಹಿರಿಯರು ಈಗಲೂ ‘ಕನ್ನಡ ಸಾಲಿ’ ಎಂದು ಅಭಿಮಾನದಿಂದ ಕರೆಯುವ ಶಾಲೆಗಳ ಬುಡದಲ್ಲಿ ಆ ದುಡಿಮೆ ಇದೆ.

ಹಳೆಯದೆಲ್ಲ ಚಿನ್ನವಾಗಿತ್ತೆಂದು ಹೇಳುವಂತಿಲ್ಲ. ಹುಡುಗನ ಕೈಗಳನ್ನು ಹಗ್ಗದಿಂದ ತೊಲೆಗೆ ತೂಗುಹಾಕುವ ‘ಕೋದಂಡ’ ಎಂಬ ಶಿಕ್ಷೆ ಕೂಲಿಮಠಗಳಲ್ಲಿತ್ತು. ಹೆಣ್ಣುಮಕ್ಕಳಿಗೆ ಅಲ್ಲಿ ಹೆಚ್ಚಾಗಿ ಪ್ರವೇಶವಿರಲಿಲ್ಲ. ಆದರೆ ಒಂದು ಸಂಗತಿ ಗಮನಾರ್ಹ. ಶಾಲೆಗೆ ಬಾರದೆ ತಪ್ಪಿಸಿಕೊಂಡ ಹುಡುಗನನ್ನು ಹಿರಿಯ ಹುಡುಗರು ಹೋಗಿ ಹೊತ್ತುಕೊಂಡೇ ಬರುತ್ತಿದ್ದ ಪ್ರಸಂಗಗಳು ಹಳಬರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ರೀತಿ ಒರಟಾಗಿತ್ತು, ಆದರೆ ಬಾರದ ಮಗುವೊಂದು ಇದೆ ಎಂಬ ಅರಿವು ಇಡೀ ಮಠಕ್ಕೆ ಇತ್ತು.

ಪ್ರಾರ್ಥನೆ ಮತ್ತು ವಾರ್ತಾವಾಚನ

ಇಂದಿನ ಶಾಲೆಯ ದಿನ ಪ್ರಾರ್ಥನಾ ಸಭೆಯಿಂದ ತೊಡಗುತ್ತದೆ. ಮಕ್ಕಳು ತರಗತಿವಾರು ಸಾಲಾಗಿ ನಿಲ್ಲುತ್ತಾರೆ; ಪ್ರಾರ್ಥನಾ ಗೀತೆ, ಕುವೆಂಪು ವಿರಚಿತ ನಾಡಗೀತೆ, ಸಂವಿಧಾನ ಪೀಠಿಕೆಯ ವಾಚನ, ರಾಷ್ಟ್ರಗೀತೆ ಇವು ಸಭೆಯ ಅಂಗಗಳು. ಅನೇಕ ಶಾಲೆಗಳಲ್ಲಿ ದಿನಕ್ಕೊಂದು ವಚನವನ್ನೋ ಸುಭಾಷಿತವನ್ನೋ ಹೇಳಿಸುವ ರೂಢಿಯಿದೆ. ಒಂದನೆಯ ತರಗತಿಯ ಮಗು ಬಸವಣ್ಣನವರ ವಚನವನ್ನು ಕಣ್ಣುಮುಚ್ಚಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಓಡಿಹೋಗುವುದನ್ನು ಕಂಡವರಿಗೆ, ಅದರ ಅರ್ಥ ಆ ಮಗುವಿಗೆ ಇನ್ನು ಇಪ್ಪತ್ತು ವರ್ಷಗಳ ಮೇಲೆ ಹೊಳೆದರೂ ಸಾಕೆನಿಸುತ್ತದೆ.

ಬಳಿಕ ಬರುವುದು ವಾರ್ತಾವಾಚನ. ಹಿರಿಯ ತರಗತಿಯ ಒಂದು ಮಗು ಅಂದಿನ ಪತ್ರಿಕೆಯ ನಾಲ್ಕಾರು ತಲೆಬರಹಗಳನ್ನು ಓದುತ್ತದೆ. ಪತ್ರಿಕೆ ಬೆಳಗಿನ ಬಸ್ಸಿಗೆ ಬರುವ ಊರುಗಳಲ್ಲಿ ಕೆಲವೊಮ್ಮೆ ನಿನ್ನೆಯ ಪತ್ರಿಕೆಯೇ ಇಂದಿನ ವಾರ್ತೆಯಾಗುವುದುಂಟು. ದೆಹಲಿ, ಬೆಂಗಳೂರು, ಕ್ರಿಕೆಟ್, ಚಿನ್ನದ ಬೆಲೆ. ಇದರಿಂದ ಮಗುವಿಗೆ ಎಲ್ಲರೆದುರು ನಿಂತು ಗಟ್ಟಿಯಾಗಿ ಓದುವ ಧೈರ್ಯ ಬರುತ್ತದೆ, ಅದು ಸಣ್ಣ ಲಾಭವಲ್ಲ. ಆದರೂ ಈ ವಾಚನದಲ್ಲಿ ಒಂದು ಕೊರತೆಯಿದೆ: ಶಾಲೆಯ ಸ್ವಂತ ವಾರ್ತೆ ಇದರಲ್ಲಿ ಬರುವುದಿಲ್ಲ. ಶಾಲೆಯ ಹಿಂದಿನ ಕೊಳವೆಬಾವಿ ನಿಂತಿದೆ, ನುಗ್ಗೆಗಿಡ ಹೂಬಿಟ್ಟಿದೆ, ಮೂರನೆಯ ತರಗತಿಯ ಹುಡುಗಿಯೊಬ್ಬಳು ಎಂಟು ದಿನಗಳ ಜ್ವರದ ನಂತರ ಇಂದು ಬಂದಿದ್ದಾಳೆ ಎಂಬುವೂ ವಾರ್ತೆಗಳೇ. ಕೆಲವು ಶಾಲೆಗಳಲ್ಲಿ ಶಿಕ್ಷಕರು ‘ಊರ ವಾರ್ತೆ’ ಎಂದು ಎರಡು ನಿಮಿಷ ಮೀಸಲಿಟ್ಟು ಮಕ್ಕಳಿಂದಲೇ ಇವನ್ನು ಹೇಳಿಸುತ್ತಾರೆ. ಮಕ್ಕಳೇ ಬರೆದು ಅಂಟಿಸುವ ಗೋಡೆಪತ್ರಿಕೆಯ ಉದ್ದೇಶವೂ ಇದೇ. ಗೋಡೆಪತ್ರಿಕೆ ಎಂದರೆ ಮುದ್ರಿತ ಚಿತ್ರಗಳನ್ನು ಕತ್ತರಿಸಿ ಅಂಟಿಸುವುದು ಎಂದು ತಿಳಿದ ಶಾಲೆಗಳೂ ಉಂಟು. ಅಲ್ಲಿ ಪತ್ರಿಕೆ ಅಂದವಾಗಿರುತ್ತದೆ, ಯಾರೂ ಓದುವುದಿಲ್ಲ.

ಪ್ರಾರ್ಥನೆ, ಆಹಾರ, ಆರೋಗ್ಯ, ತೋಟ ಮುಂತಾದ ಖಾತೆಗಳಿರುವ ಮಕ್ಕಳ ಸಂಸತ್ತು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯ. ಆರೋಗ್ಯ ಮಂತ್ರಿಯಾದ ಹುಡುಗಿ ಸಾಲಿನಲ್ಲಿ ನಿಂತವರ ಉಗುರು ನೋಡುತ್ತಾ ಬರುವಾಗ ತನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿರುವ ದೃಶ್ಯವನ್ನು ನಾವೇ ಕಂಡಿದ್ದೇವೆ.

ಹಾಜರಿ: ಎರಡು ಅಂಕಿಗಳ ನಡುವೆ

ಪ್ರಾರ್ಥನೆಯ ನಂತರ ಹಾಜರಿ ಕೂಗುವುದು ನಿತ್ಯದ ಕ್ರಮ. ಈಗ ಪ್ರತಿ ಮಗುವಿಗೂ ವಿದ್ಯಾರ್ಥಿ ಸಾಧನೆಯ ಜಾಡನ್ನು ಇಡುವ ಎಸ್.ಎ.ಟಿ.ಎಸ್. ಎಂಬ ರಾಜ್ಯ ವ್ಯವಸ್ಥೆಯಲ್ಲಿ ಒಂದು ಸಂಖ್ಯೆಯಿದೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಆದರೆ ಸಂಖ್ಯೆ ಇದ್ದಮಾತ್ರಕ್ಕೆ ಮಗು ತರಗತಿಯಲ್ಲಿ ಇದೆ ಎಂದಲ್ಲ.

ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರಗೊಂಡು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಅಷ್ಟಾಗಿ ಗೊತ್ತಿಲ್ಲದ ಭಾಗವೆಂದರೆ, ಮಕ್ಕಳು ದಾಖಲಾಗುವಂತೆ ಮಾತ್ರವಲ್ಲ, ಹಾಜರಾಗುವಂತೆ ಹಾಗೂ ಶಿಕ್ಷಣ ಪೂರೈಸುವಂತೆ ನೋಡಿಕೊಳ್ಳುವ ಹೊಣೆಯನ್ನೂ ಕಾಯ್ದೆ ಸರ್ಕಾರದ ಮೇಲೆ ಹೊರಿಸಿದೆ. ನಮ್ಮ ರಾಜ್ಯದಲ್ಲಿ ಹಿಂದೆ 60 ದಿನಗಳ ಗೈರುಹಾಜರಿಯ ನಂತರವಷ್ಟೇ ಮಗುವನ್ನು ಶಾಲೆ ಬಿಟ್ಟ ಮಗು ಎಂದು ಎಣಿಸಲಾಗುತ್ತಿತ್ತು. ಹೈಕೋರ್ಟು ಈ ವಿಷಯವನ್ನು ಕೈಗೆತ್ತಿಕೊಂಡ ಬಳಿಕ ಆ ಅವಧಿ 7 ದಿನಗಳಿಗೆ ಇಳಿಯಿತು. ಅಂದರೆ ಕಾರಣ ತಿಳಿಸದೆ ಒಂದು ವಾರ ಬಾರದ ಮಗುವಿನ ಮನೆಯನ್ನು ಶಾಲೆ ಹುಡುಕಿಕೊಂಡು ಹೋಗಬೇಕು.

ಅರವತ್ತಕ್ಕೂ ಏಳಕ್ಕೂ ಇರುವ ವ್ಯತ್ಯಾಸ ಕಾಗದದ್ದಲ್ಲ. ಕಲಬುರಗಿ, ಯಾದಗಿರಿ, ಬೀದರ, ವಿಜಯಪುರ ಮೊದಲಾದ ಜಿಲ್ಲೆಗಳ ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಕುಟುಂಬಗಳು ಗುಳೆ ಹೊರಡುತ್ತವೆ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಬೆಂಗಳೂರು, ಮುಂಬಯಿ, ಗೋವೆಯ ಕಟ್ಟಡ ಕೆಲಸಕ್ಕೆ. ಮೊದಲ ವಾರದಲ್ಲಿ ಗೊತ್ತಾದರೆ ಮಗುವನ್ನು ಅಜ್ಜಿಯ ಬಳಿ ಉಳಿಸುವುದೋ, ಋತುಮಾನ ವಸತಿ ಶಾಲೆಗೆ ಸೇರಿಸುವುದೋ, ಹೋದ ಊರಿನ ಶಾಲೆಯಲ್ಲಿ ಕೂರಿಸುವುದೋ ಸಾಧ್ಯ. ಎರಡು ತಿಂಗಳ ಮೇಲೆ ಗೊತ್ತಾದರೆ ಮಗು ಎಲ್ಲಿದೆ ಎಂಬುದೇ ಪತ್ತೆಯಾಗುವುದಿಲ್ಲ. ಹೆಣ್ಣುಮಗುವಿನ ವಿಷಯದಲ್ಲಿ ಇನ್ನೊಂದು ಭಯವೂ ಉಂಟು. ಆರು ಅಥವಾ ಏಳನೆಯ ತರಗತಿಯಲ್ಲಿ ನಿರಂತರ ಗೈರಾಗುವ ಹುಡುಗಿಯ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸವಿರಬಹುದು. ಮದುವೆಯ ಮಾತುಕತೆಯೂ ನಡೆದಿರಬಹುದು. ಇಂಥ ಸಂದರ್ಭದಲ್ಲಿ ಯಾರು ಬೇಕಾದರೂ 1098 ಮಕ್ಕಳ ಸಹಾಯವಾಣಿಗೆ ಕರೆಮಾಡಬಹುದು, ಕರೆ ಉಚಿತ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸಣ್ಣ ಶಾಲೆಗೆ ಮಕ್ಕಳ ಸಂಖ್ಯೆಯೇ ಉಸಿರು. ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಕೊನೆಗೆ ಶಾಲೆಯೇ ಬೇರೊಂದರಲ್ಲಿ ವಿಲೀನವಾದೀತು ಎಂಬ ಆತಂಕವಿರುತ್ತದೆ. ಆ ಆತಂಕದಲ್ಲಿ ಊರು ಬಿಟ್ಟ ಮಗುವಿನ ಹೆಸರನ್ನು ಪುಸ್ತಕದಲ್ಲಿ ಉಳಿಸಿ ‘ಹಾಜರು’ ಎಂದು ಗುರುತು ಹಾಕುವ ಪ್ರಲೋಭನೆ ಹುಟ್ಟುತ್ತದೆ. ಶಾಲೆಯನ್ನು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದ ಹಾಕಿದ ಗುರುತಾದರೂ, ಹೋದ ಮಗುವನ್ನು ಹುಡುಕುವ ಬಾಗಿಲನ್ನು ಅದು ಮುಚ್ಚಿಬಿಡುತ್ತದೆ. ಪುಸ್ತಕದ ಪ್ರಕಾರ ಆ ಮಗು ತರಗತಿಯಲ್ಲೇ ಕುಳಿತಿದೆಯಲ್ಲ!

ನಲಿಕಲಿ ಕೋಣೆ

ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರಿಸಿರುವುದನ್ನು ನೋಡಿ, ಶಿಕ್ಷಕರ ಕೊರತೆಯಿಂದ ಹೀಗೆ ಮಾಡಿದ್ದಾರೆಂದು ಪೋಷಕರು ಭಾವಿಸುವುದುಂಟು. ಅದು ನಲಿಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳ ಪ್ರಯೋಗದಿಂದ ಪ್ರೇರಿತರಾದ ಶಿಕ್ಷಕರು ಯುನಿಸೆಫ್ ನೆರವಿನೊಡನೆ ಇದನ್ನು ರೂಪಿಸಿದರು. 2009–10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಪಾಠಗಳನ್ನು ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ವಿಂಗಡಿಸಿ ಕಾರ್ಡುಗಳಲ್ಲಿ ಕೊಡಲಾಗುತ್ತದೆ. ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಏರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ತಾನೇ ಕಲಿಯುವ ಗುಂಪು.

ಈ ಪದ್ಧತಿಯ ದೊಡ್ಡ ಗುಣ ಗೈರಾದ ಮಗುವಿಗೆ ಸಂಬಂಧಿಸಿದ್ದು. ಹತ್ತು ದಿನ ಬಾರದ ಮಗು ಮರಳಿ ಬಂದಾಗ ತರಗತಿ ಮುಂದೆ ಹೋಗಿರುವುದಿಲ್ಲ. ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ದೋಷವೂ ಇಲ್ಲದಿಲ್ಲ. ಒಬ್ಬರೇ ಶಿಕ್ಷಕರು ನಲವತ್ತು ಮಕ್ಕಳ ಐದಾರು ಗುಂಪುಗಳನ್ನು ಸಂಭಾಳಿಸುವಲ್ಲಿ ‘ಸ್ವಕಲಿಕೆ’ಯ ಗುಂಪು ಸುಮ್ಮನೆ ಕುಳಿತ ಗುಂಪಾಗಿಬಿಡುತ್ತದೆ. ಪೋಷಕರು ಮಗುವಿಗೆ ‘ಎಷ್ಟನೇ ಪಾಠ ಆಯಿತು?’ ಎಂದು ಕೇಳುವ ಬದಲು ಗೋಡೆಯ ಮೇಲಿನ ಪ್ರಗತಿನೋಟದಲ್ಲಿ ಅದು ಯಾವ ಮೈಲಿಗಲ್ಲಿನಲ್ಲಿದೆ ಎಂಬುದನ್ನು ಶಿಕ್ಷಕರಿಂದ ತಿಳಿದುಕೊಳ್ಳುವುದು ಲೇಸು.

ಅಕ್ಷರ ದಾಸೋಹ

ಹಾಜರಿ ಮುಗಿಯುತ್ತಲೇ ಅಡುಗೆಯವರು ಬಾಗಿಲಲ್ಲಿ ನಿಂತು “ಸರ್, ಇವತ್ತು ಎಷ್ಟು?” ಎಂದು ಕೇಳುತ್ತಾರೆ. ಮುಖ್ಯಗುರುಗಳು ಹೇಳುವ ಸಂಖ್ಯೆಯ ಮೇಲೆ ಅಕ್ಕಿ, ಬೇಳೆ ತೂಗಿ ಕೊಡಲಾಗುತ್ತದೆ. 1ರಿಂದ 5ನೆಯ ತರಗತಿಯ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅದಕ್ಕೂ ಮೇಲಿನ ತರಗತಿಯವರಿಗೆ 150, 30, 75 ಮತ್ತು 7.5 ಗ್ರಾಂ ಎಂಬುದು ರಾಷ್ಟ್ರೀಯ ಪ್ರಮಾಣ. ಬಡಿಸುವ ಮುನ್ನ ಶಿಕ್ಷಕರು ಉಂಡು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮವಿದೆ. ಶಾಲೆಗೆ ಭೇಟಿಕೊಡುವ ಪೋಷಕರೂ ಊಟದ ರುಚಿ ನೋಡಬಹುದು. ಯಾರೂ ಅಡ್ಡಿಪಡಿಸುವಂತಿಲ್ಲ.

ಇದರ ಹಿನ್ನೆಲೆ ತಿಳಿಯತಕ್ಕದ್ದು. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ಯೋಜನೆಯಲ್ಲಿ ನಮ್ಮಲ್ಲಿ ಮಕ್ಕಳಿಗೆ ಬೇಯಿಸಿದ ಊಟವಿರಲಿಲ್ಲ. ಶೇಕಡಾ 80ರಷ್ಟು ಹಾಜರಿಯಿದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಮನೆಗೆ ಕೊಡಲಾಗುತ್ತಿತ್ತು. ಆ ಅಕ್ಕಿ ಚೀಲ ಹೊತ್ತು ಮನೆಗೆ ಬಂದ ನೆನಪು ಇಂದಿನ ಅನೇಕ ತಂದೆತಾಯಂದಿರಿಗೆ ಇದ್ದೀತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಅದರಂತೆ ಕರ್ನಾಟಕವು 2002ರ ಜೂನ್‌ನಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ.

ಶರಣರ ಪರಿಭಾಷೆಯಿಂದ ಬಂದ ಹೆಸರು ಇದು. ದಾಸೋಹವು ದಾನವಲ್ಲ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ; ಉಣ್ಣುವವರ ನಡುವೆ ಮೇಲುಕೀಳಿಲ್ಲ. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳನ್ನು ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳಬೇಕಾಗಿದೆ. ದಲಿತ ಮಹಿಳೆ ಅಡುಗೆ ಮಾಡಿದರೆಂಬ ಕಾರಣಕ್ಕೆ ಮಕ್ಕಳನ್ನು ಊಟದ ಸಾಲಿನಿಂದ ಎಬ್ಬಿಸಿಕೊಂಡು ಹೋದ, ಶಾಲೆಯನ್ನೇ ಬಿಡಿಸಿದ ಪ್ರಸಂಗಗಳು ನಮ್ಮ ರಾಜ್ಯದಿಂದಲೂ ವರದಿಯಾಗಿವೆ. ಅಂಥ ದಿನ ಕರಿಹಲಗೆಯ ‘ಹಾಜರು’ ಅಂಕಿ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಜ್ವರವೂ ಕಾರಣವಲ್ಲ, ಗುಳೆಯೂ ಅಲ್ಲ. ಇಷ್ಟಲಿಂಗ ಧರಿಸಿದ ಮನೆಯಿಂದ ಅಂಥ ಮಗು ಬಂದಿದ್ದರೆ, ತಪ್ಪು ಮಗುವಿನದಲ್ಲ. ಊರಿನ ಹಿರಿಯರು, ಸಮಿತಿಯ ಸದಸ್ಯರು ಅದೇ ದಿನ ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತು ಅದೇ ಕೈಯ ಅಡುಗೆಯನ್ನು ಉಣ್ಣುವುದೇ ಇದಕ್ಕಿರುವ ನೇರವಾದ ಉತ್ತರ.

ಹಾಲಿನ ವಿತರಣೆ, ಅಂದರೆ ಕ್ಷೀರಭಾಗ್ಯ, 2013ರ ಆಗಸ್ಟ್ 1ರಂದು ಆರಂಭವಾಯಿತು. 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ಸಿದ್ಧಪಡಿಸಿದ 150 ಮಿಲಿ ಹಾಲು ಮಗುವೊಂದಕ್ಕೆ. ಮೊದಲು ವಾರಕ್ಕೆ 3 ದಿನ, ಅನಂತರ 5 ದಿನ. 2024ರಿಂದ ವಾರದ ಕೆಲವು ದಿನ ರಾಗಿ ಮಿಶ್ರಣವೂ ಹಾಲಿಗೆ ಸೇರಿದೆ. ಬೆಳಿಗ್ಗೆ ಏನನ್ನೂ ತಿನ್ನದೆ ಬರುವ ಮಕ್ಕಳಿಗೆ ಈ ಲೋಟವೇ ದಿನದ ಮೊದಲ ಆಹಾರ. ಕೆಲವು ಮಕ್ಕಳು ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಕೂರುವುದು ಏಕೆಂದು ಹಾಲು ಬಂದ ಮೇಲೆ ಶಿಕ್ಷಕರಿಗೆ ಅರ್ಥವಾಯಿತು. ಮೊಟ್ಟೆ ವಿತರಣೆಯ ವಿಷಯದಲ್ಲಿ 2021ರಲ್ಲಿ ಹಲವು ಮಠಾಧೀಶರು ವಿರೋಧ ವ್ಯಕ್ತಪಡಿಸಿದ್ದುದು ಓದುಗರಿಗೆ ನೆನಪಿರಬಹುದು. ಈಗಿನ ವ್ಯವಸ್ಥೆಯಲ್ಲಿ ಮೊಟ್ಟೆ ಸೇವಿಸದ ಮಕ್ಕಳಿಗೆ ಬಾಳೆಹಣ್ಣು ದೊರೆಯುತ್ತದೆ. ಪೋಷಕರು ತಮ್ಮ ಆಯ್ಕೆಯನ್ನು ಶಾಲೆಗೆ ಮುಂಚಿತವಾಗಿ ತಿಳಿಸಿದರೆ ಮಗು ಊಟದ ಸಾಲಿನಲ್ಲಿ ಮುಜುಗರಕ್ಕೆ ಒಳಗಾಗುವುದಿಲ್ಲ. ಊಟದ ನಂತರ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಕಿರಿಯರಿಗೆ ಗುಲಾಬಿ ಬಣ್ಣದ್ದು, ಹಿರಿಯರಿಗೆ ನೀಲಿ. ರಕ್ತಹೀನತೆ ತಡೆಯಲು ಕೊಡುವ ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು.

ವಾರ ಮತ್ತು ವರ್ಷ

ಶನಿವಾರ ಬೆಳಗಿನ ಶಾಲೆ. ಸಾಮೂಹಿಕ ವ್ಯಾಯಾಮದ ದಿನ. ವರ್ಷವು ಮೇ ತಿಂಗಳ ಕೊನೆಗೆ ಪ್ರಾರಂಭೋತ್ಸವದೊಂದಿಗೆ, ತೋರಣ ಕಟ್ಟಿ ಸಿಹಿಯೂಟ ಹಾಕಿ ಆರಂಭವಾಗುತ್ತದೆ. ನಡುವೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ದಸರಾ ರಜೆ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ. ಕಾಯ್ದೆಯಂತೆ 1ರಿಂದ 5ನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಅಥವಾ 800 ಗಂಟೆ, 6ರಿಂದ 8ಕ್ಕೆ 220 ದಿನ ಅಥವಾ 1000 ಗಂಟೆ ಬೋಧನೆ ನಡೆಯಬೇಕು. ಬಸವ ಜಯಂತಿ ಬರುವುದು ಬೇಸಿಗೆ ರಜೆಯಲ್ಲಿ. ಹೀಗಾಗಿ ಶಾಲೆಯಲ್ಲಿ ಭಾವಚಿತ್ರಕ್ಕೆ ಪೂಜೆ ಸಲ್ಲಿಸುವವರು ಶಿಕ್ಷಕರು ಮಾತ್ರ. ಮಕ್ಕಳು ಅಜ್ಜನ ಊರಿನಲ್ಲಿರುತ್ತಾರೆ.

ಪೋಷಕರ ಸ್ಥಾನ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಕರ್ನಾಟಕದಲ್ಲಿ 2001ರಿಂದಲೂ ಇದೆ. ಇಂಥ ಸಮಿತಿಯ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಅಪೇಕ್ಷೆ. ಕಟ್ಟಡದ ಕೆಲಸ, ಸುಣ್ಣಬಣ್ಣ, ಅನುದಾನ ಇವು ಸಭೆಯ ಬಹುಪಾಲು ಸಮಯವನ್ನು ನುಂಗುತ್ತವೆ. ಸಭೆಯ ನಡಾವಳಿ ಮುಖ್ಯಗುರುಗಳ ಬರವಣಿಗೆಯಲ್ಲಿ ಮೊದಲೇ ಸಿದ್ಧವಿದ್ದು, ತಾಯಂದಿರು ಬಂದು ಸಹಿ ಮಾಡಿ ಹೋಗುವ ರೂಢಿ ಅನೇಕ ಕಡೆ ಇದೆ. ಸಹಿ ಮಾಡುವ ಮುನ್ನ ಒಂದು ಪ್ರಶ್ನೆ ಕೇಳುವುದಕ್ಕೆ ವಿಶೇಷ ಓದು ಬೇಕಿಲ್ಲ: ಈ ತಿಂಗಳು ಏಳು ದಿನಕ್ಕಿಂತ ಹೆಚ್ಚು ಬಾರದ ಮಕ್ಕಳು ಯಾರು, ಅವರ ಮನೆಗೆ ಯಾರು ಹೋಗಿದ್ದರು? ಶಿಕ್ಷಕರು ಹೊರಗಿನವರಾಗಿದ್ದು ಸಂಜೆಯ ಬಸ್ಸಿಗೆ ಹೋಗುವವರಾದರೆ, ಮನೆಗೆ ಹೋಗಿಬರುವ ಕೆಲಸವನ್ನು ಅದೇ ಓಣಿಯ ಸದಸ್ಯರು ವಹಿಸಿಕೊಳ್ಳುವುದು ಹೆಚ್ಚು ಫಲಕಾರಿ. ಶಿಕ್ಷಕರು ಹೋದರೆ ಮನೆಯವರು “ನಾಳೆ ಕಳಿಸ್ತೀವ್ರಿ” ಎಂದು ಹೇಳಿ ಕಳಿಸಿಬಿಡುತ್ತಾರೆ. ಪಕ್ಕದ ಮನೆಯ ಅಕ್ಕ ಕಟ್ಟೆಯ ಮೇಲೆ ಕುಳಿತು ಕೇಳಿದರೆ ನಿಜವಾದ ಕಾರಣ ಹೊರಬರುತ್ತದೆ. ಸಾಲದ ಬಾಧೆ, ತಾಯಿಯ ಕಾಯಿಲೆ, ಸಮವಸ್ತ್ರ ಹರಿದಿದೆ ಎಂಬ ನಾಚಿಕೆ, ಶಾಲೆಯಲ್ಲಿ ಯಾರೋ ಹೊಡೆದ ಭಯ. ಮಕ್ಕಳನ್ನು ದೈಹಿಕವಾಗಿ ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ.

ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಗೂ ಭಕ್ತರು ಹೋಗಿ ಕುಳಿತು ಕೇಳಬಹುದು. ಅಲ್ಲಿ ಮಕ್ಕಳು ಎದ್ದುನಿಂತು ಹೇಳುವುದು ಬಹುಮಟ್ಟಿಗೆ ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಇಲ್ಲ, ಶಾಲೆಯ ಪಕ್ಕದಲ್ಲಿ ಸಾರಾಯಿ ಮಾರುತ್ತಾರೆ ಎಂಬ ಮಾತುಗಳನ್ನೇ.

ಏಪ್ರಿಲ್ ತಿಂಗಳ ಮೊದಲ ಭಾಗದಲ್ಲಿ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ನಡೆದು ಪೋಷಕರೆದುರು ಫಲಿತಾಂಶವನ್ನು ಪ್ರಕಟಿಸಲಾಗುತ್ತದೆ. ಅಂಕಪಟ್ಟಿಯಲ್ಲಿ ವಿಷಯವಾರು ಶ್ರೇಣಿಯ ಜೊತೆಗೆ ಮಗು ವರ್ಷದಲ್ಲಿ ಎಷ್ಟು ದಿನ ಹಾಜರಿತ್ತು ಎಂಬ ಸಾಲೂ ಇರುತ್ತದೆ. ಬಹುತೇಕರು ಶ್ರೇಣಿಯನ್ನು ನೋಡಿ ಕಾಗದವನ್ನು ಮಡಚಿಬಿಡುತ್ತಾರೆ. ಆ ಇನ್ನೊಂದು ಸಾಲನ್ನು ತಮ್ಮ ಮಗುವಿನ ಪಟ್ಟಿಯಲ್ಲೂ, ಅಂದು ಯಾರೂ ಬಂದು ಪಡೆಯದೆ ಮುಖ್ಯಗುರುಗಳ ಮೇಜಿನ ಮೇಲೆ ಉಳಿದ ಪಟ್ಟಿಗಳ ಬಗೆಗೂ ವಿಚಾರಿಸಿಕೊಂಡು ಬರಬಹುದು.